ಒಡೆತನ ಯಾರದು?
(ಗುಬ್ಬಿಯ ಸಭೆಯಲ್ಲಿ ಮಾಡಿದ ಭಾಷಣ)



ಮಿಲ್ಲಿನಲ್ಲಿ ದುಡಿಯುವವರೂ ಸಂತೆಯಲ್ಲಿ ತಕ್ಕಡಿ ಹಿಡಿಯುವವರೂ ಇಲ್ಲಿ ಸೇರಿದ್ದೀರಿ. ನಮ್ಮ ಮುಂದೆ ನಾಟಕ, ಹಾಡಿನ ಮಾತೇಕೆ ಎನ್ನಬೇಡಿ. ನಾವು ಎತ್ತುವ ಪ್ರಶ್ನೆ ನಿಮ್ಮದೇ: ದುಡಿದವನು ಒಬ್ಬ, ಒಡೆತನ ಯಾರದು?

ಗ್ರಾಮಫೋನಿನ ಕಾಲವನ್ನು ನೆನೆಯಿರಿ. ಹಾಡಿದವರು ಅನೇಕ ವೇಳೆ ಒಮ್ಮೆ ಹಣ ಪಡೆದು ಮನೆಗೆ ಹೋದರು. ಪ್ಲೇಟು ಮಾತ್ರ ವರ್ಷಗಟ್ಟಲೆ ಹಾಡಿತು, ಲಾಭ ಕಂಪನಿಗೆ ಸೇರಿತು. ಇದನ್ನು ಕಂಡೇ ಕೆಲವು ಕಲಾವಿದರು ತಾವೇ ಕಂಪನಿ ಕಟ್ಟಿದರು. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ 1960ರಲ್ಲಿ ಸ್ವಂತ ಪ್ಲೇಟಿನ ಕಂಪನಿ ತೆರೆದರು. 1963ರಲ್ಲೇ ಅದನ್ನು ವಾರ್ನರ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆಗೆ ಮಾರಿದರು.

ನಮ್ಮ ಗುಬ್ಬಿಯವರು ಅದಕ್ಕೂ 76 ವರ್ಷ ಮೊದಲೇ ಸ್ವಂತ ಕಂಪನಿ ಕಟ್ಟಿದ್ದರು, ಪ್ಲೇಟಿಗಲ್ಲ, ನಾಟಕಕ್ಕೆ. 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಗೆಳೆಯರು ಸೇರಿ ಊರ ದೇವರ ಹೆಸರಿನಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಆರಂಭಿಸಿದರು. ಸಾಹೇಬರೂ ಚನ್ನಬಸವೇಶ್ವರನೂ ಒಂದೇ ಪರದೆಯ ಕೆಳಗೆ! ಬಾಲನಟನಾಗಿ ಅಲ್ಲಿಗೆ ಸೇರಿದ ವೀರಣ್ಣನವರು ಜನರನ್ನು ನಗಿಸುತ್ತ ಬೆಳೆದು 1917ರಲ್ಲಿ ಅದರ ಒಡೆಯರಾದರು. ರಂಗದ ಮೇಲೆ ಆನೆ ಕುದುರೆಗಳನ್ನು ತಂದು ಕುರುಕ್ಷೇತ್ರ ನಡೆಸಿದರು. ಮೂಕಿ ಚಿತ್ರಗಳ ಕಾಲಕ್ಕೇ ಸಿನಿಮಾಕ್ಕೂ ಕೈಹಾಕಿದರು.

ಆದರೆ ಮುಚ್ಚುಮರೆಯಿಲ್ಲದೆ ಹೇಳೋಣ. ಯಜಮಾನ ನಟನೇ ಆಗಿದ್ದರೂ ಉಳಿದವರು ಸಂಬಳದವರೇ. ಮಳೆ ಹಿಡಿದು ಟಿಕೀಟು ಮಾರದಿದ್ದರೆ ನಷ್ಟ ಒಬ್ಬರ ಹೆಗಲಿಗೆ, ಗಲ್ಲಾ ತುಂಬಿದರೆ ಲಾಭವೂ ಒಬ್ಬರಿಗೆ.

ಮುಂದಿನ ಹೆಜ್ಜೆ ಇಟ್ಟವರು ಇದೇ ಕಂಪನಿಯ ಗರಡಿಯಲ್ಲಿ ಪಳಗಿದವರು. 1954ರ 'ಬೇಡರ ಕಣ್ಣಪ್ಪ' ರಾಜಕುಮಾರರನ್ನು ಮನೆಮಾತಾಗಿಸಿತು. ಆದರೂ ಕನ್ನಡ ಚಿತ್ರಗಳು ಕಡಿಮೆ, ಕಲಾವಿದರಿಗೆ ಕೆಲಸವಿಲ್ಲ. ಆಗ ರಾಜಕುಮಾರ್, ನಮ್ಮ ಜಿಲ್ಲೆಯ ತಿಪಟೂರಿನ ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕವಾಡಿದರು. 1960ರಲ್ಲಿ ಸಂಘದ ಹೆಸರಿನಲ್ಲೇ 'ರಣಧೀರ ಕಂಠೀರವ' ಚಿತ್ರ ತೆಗೆದರು. ಕೆಲಸ ಕೊಡಿರೆಂದು ಬಾಗಿಲು ಕಾಯುವ ಬದಲು ಕೆಲಸವನ್ನೇ ಹುಟ್ಟಿಸಿದರು!

ಕಾನೂನು ಕಣ್ಣು ತೆರೆದದ್ದು ಬಹಳ ತಡವಾಗಿ. ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದರೆ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು ಸಲ್ಲಬೇಕೆಂದು 2012ರ ತಿದ್ದುಪಡಿ ಹೇಳಿತು. ಆ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ. ಆದರೆ ಕಾನೂನಿನ ಹಾಳೆ ತಾನಾಗಿ ಎದ್ದುಬಂದು ಲೆಕ್ಕ ಕೇಳುವುದಿಲ್ಲ. ಕೇಳುವ ಸಂಘ ಬೇಕು.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿಟ್ಟಿದ್ದೇವೆ, ಒಳ್ಳೆಯದೇ. ಆದರೆ ಹೆಸರಿಟ್ಟರೆ ಸಾಲದು. ಇಂದು ಹಾಡು ಮೊಬೈಲಿನಲ್ಲಿದೆ, ಪ್ರಶ್ನೆ ಹಳೆಯದೇ. ನಮ್ಮೂರ ಹಾಡುಗಾರ ಕಾಗದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಜನರೊಡನೆ ಕೂತು ಓದಲಿ. ಆ ನಾಲ್ವರಲ್ಲಿ ನಾವೂ ಇರೋಣ.