ಓದಿಗೆ ಮೀಸಲಾದ ಒಂದು ಗಂಟೆ

(ಹೊಸಂಗಡಿಯ ಸಭೆಯಲ್ಲಿ ಮಾಡಿದ ಭಾಷಣ)

ಗಡಿನಾಡಿನ ಕನ್ನಡ ಬಂಧುಗಳೇ,

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದಲ್ಲಿ ಸೇರಿಸಲಾದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ನಾವು ಪ್ರತಿಭಟಿಸಿದ್ದು ಈ ಹಕ್ಕಿನ ಬಲದಿಂದಲೇ.

ಆದರೆ ಕನ್ನಡ ಬಲ್ಲ ಅಧ್ಯಾಪಕರು ಬಂದ ಮಾತ್ರಕ್ಕೆ ಓದು ಬಂದೀತೆ? ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿಗಳನ್ನಾಡುವ ಮಕ್ಕಳು ನಮ್ಮಲ್ಲಿ ಅನೇಕರು. ಕಥೆ ಓದಬಲ್ಲ ಮಗುವೂ ಕಾಗುಣಿತದಲ್ಲಿ ತಡವರಿಸುವ ಮಗುವೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ.

ಇದಕ್ಕೆ ಪರೀಕ್ಷಿಸಿ ಕಂಡ ಉಪಾಯವೊಂದುಂಟು. ‘ಪ್ರಥಮ್’ ಸಂಸ್ಥೆಯ ಕ್ರಮದಲ್ಲಿ ಮಕ್ಕಳನ್ನು ತರಗತಿಯಂತಲ್ಲ, ಓದುವ ಮಟ್ಟದಂತೆ ಗುಂಪುಗೂಡಿಸುತ್ತಾರೆ. ಬಿಹಾರದಲ್ಲಿ ಅಧ್ಯಾಪಕರಿಗೆ ತರಬೇತಿಯನ್ನೂ ಪುಸ್ತಕಗಳನ್ನೂ ಮಾತ್ರ ಕೊಟ್ಟಾಗ ಹೆಚ್ಚಿನ ಫಲ ಕಾಣಲಿಲ್ಲ. ಹರಿಯಾಣದಲ್ಲಿ 2012–13ರಲ್ಲಿ ದಿನಕ್ಕೊಂದು ಗಂಟೆಯನ್ನು ಇದಕ್ಕೆಂದೇ ಮೀಸಲಿರಿಸಿ, ತಾವೇ ಪಾಠ ಮಾಡಿ ಪಳಗಿದ ಮೇಲ್ವಿಚಾರಕರನ್ನು ಶಾಲೆಗಳಿಗೆ ಕಳುಹಿದಾಗ ಮಕ್ಕಳ ಹಿಂದಿ ಓದು ಸುಧಾರಿಸಿತು. ವಿಧಾನವೊಂದೇ, ಭೇದವಿದ್ದುದು ಆಚರಣೆಯಲ್ಲಿ.

ಆದುದರಿಂದ ಬಂಧುಗಳೇ, ರಕ್ಷಕ-ಶಿಕ್ಷಕ ಸಂಘದಲ್ಲಿ ನಾವು ಮೂರನ್ನು ಕೇಳೋಣ: ಪ್ರತಿ ಮಗುವಿನ ಓದಿನ ಪರೀಕ್ಷೆ, ದಿನಕ್ಕೊಂದು ಮೀಸಲು ಗಂಟೆ, ಅಧ್ಯಾಪಕರ ಬೆನ್ನಿಗೆ ನಿಲ್ಲುವ ಅನುಭವಿಗಳು. ನ್ಯಾಯ ಸಿಗುವವರೆಗೆ ಹೋರಾಟ ನಡೆಯಲಿ. ಅಷ್ಟರವರೆಗೆ ಮಗುವಿನ ಓದು ಕಾದು ಕೂಡದಿರಲಿ.