ಸೋಗಾನೆಯ ವಿಮಾನ, ಭದ್ರಾವತಿಯ ಕುಲುಮೆ



2023ರ ಫೆಬ್ರವರಿ 27. ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಅದರ ಹಿಂದಿನ ತಿಂಗಳಷ್ಟೇ ಪಕ್ಕದ ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಿತ್ತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಇಳಿದಿದ್ದರು. ಒಂದೇ ಜಿಲ್ಲೆ. ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ಸಂಕಟ.

ವಿಮಾನಕ್ಕೂ ಆ ಕುಲುಮೆಗೂ ಏನ್ರೀ ಸಂಬಂಧ ಅಂತೀರಾ? ಇದೆ. ನಿಮ್ಮ ಕೈಲಿರೋ ಮೊಬೈಲೇ ಅದನ್ನ ಹೇಳುತ್ತೆ.

ಇಂಟರ್ನೆಟ್ ಆರ್ಕೈವ್ ಅನ್ನೋ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳು ಪುಟಪುಟವಾಗಿ ಸ್ಕ್ಯಾನ್ ಆಗಿ ಕೂತಿವೆ. ದುಡ್ಡು ಕೊಡಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಅಲ್ಲಿದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ‘ಮೈ ಪಬ್ಲಿಕ್ ಲೈಫ್’ ಕೂಡ ಇದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಭದ್ರಾವತಿಯಲ್ಲಿ ಕಬ್ಬಿಣ ಉತ್ಪಾದನೆ ಶುರುವಾಗಿದ್ದು 1923ರಲ್ಲಿ. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿದ್ದ ಕಾಲ ಅದು. ಕಾರ್ಖಾನೆ ನಷ್ಟಕ್ಕೆ ಬಿತ್ತು. ಆದರೂ ಮೈಸೂರು ಸಂಸ್ಥಾನ ಕೈಬಿಡಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಅಧ್ಯಕ್ಷರಾಗಿ ಕರೆಸಿ ಕೂರಿಸಿತು.

ಅದೇ ಸಂಸ್ಥಾನ 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿತು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಅಲ್ಲಿ ಸಿದ್ಧವಾಯಿತು. ಇವತ್ತಿನ ಎಚ್‌ಎಎಲ್‌ನ ಬೇರು ಅದು. ಕುಲುಮೆ ನಡೆಸಿ ಕಲಿತ ಧೈರ್ಯವೇ ವಿಮಾನಕ್ಕೂ ಕೈ ಹಾಕಿಸಿತು ಅನ್ನೋದು ನನ್ನ ಅಭಿಪ್ರಾಯ. ಒಪ್ಪಲ್ವಾ? ಓದಿ, ಆಮೇಲೆ ಜಗಳಕ್ಕೆ ಬನ್ನಿ!

ಹುಡುಕುವಾಗ ಒಂದು ಕಿವಿಮಾತು. ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ, ಆದರೆ ಹಳೇ ಪುಸ್ತಕಗಳಲ್ಲಿ ಹಳೇ ಹೆಸರುಗಳೇ ಇರ್ತವೆ. ಸರ್ಕಾರಿ ದಾಖಲೆಯಲ್ಲಿ ‘ಶಿವಮೊಗ್ಗ’ ಬಂದಿದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನದು ಬೇಕಾದ್ರೆ ‘ಶಿಮೊಗಾ’ ಅಂತ ಹಾಕಿ. ಭದ್ರಾವತಿ ಸಿಗದಿದ್ರೆ ‘ಬೆಂಕಿಪುರ’ ಅಂತ ಕೊಡಿ. ಎಚ್‌ಎಎಲ್‌ನಲ್ಲಿ ‘ಏರೋನಾಟಿಕ್ಸ್’ ಸೇರಿದ್ದೇ 1964ರಲ್ಲಿ. ಅದಕ್ಕೂ ಹಿಂದಿನದಕ್ಕೆ ‘ಏರ್‌ಕ್ರಾಫ್ಟ್’ ಅಂತಲೇ ಹುಡುಕಬೇಕು. ಹೆಸರು ತಪ್ಪಿದರೆ ಚರಿತ್ರೆಯೇ ಇಲ್ಲ ಅನ್ನಿಸಿಬಿಡುತ್ತೆ.

ಇನ್ನೊಂದು ಮಾತು. ಆತ್ಮಕಥೆ ಅಂದ್ರೆ ಬರೆದವರ ವಾದವೂ ಹೌದು. ಅದಕ್ಕೇ ಒಂದೇ ಪುಸ್ತಕಕ್ಕೆ ಶರಣಾಗಬೇಡಿ. ಹಳೆಯ ಸರ್ಕಾರಿ ವರದಿಗಳ ಜೊತೆ ಹೋಲಿಸಿ ನೋಡಿ.

ವಿಮಾನದ ಇತಿಹಾಸ ಅಂತ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಕಥೆ ಬರುತ್ತೆ. ಫಾರ್ವರ್ಡ್ ಮಾಡೋ ಮುಂಚೆ ಕೇಳಿ: ಯಾವ ಪುಸ್ತಕ? ಯಾವ ಪುಟ? ಭದ್ರಾವತಿಯ ಬಗ್ಗೆ ಚರ್ಚೆ ಮಾಡೋ ನಾಯಕರಿಗೂ ಇದೇ ಪ್ರಶ್ನೆ. ಈ ವರ್ಷದ ಲಾಭ-ನಷ್ಟದ ಪಟ್ಟಿ ಎಲ್ಲರ ಕೈಲೂ ಇದೆ. ನಷ್ಟದಲ್ಲೂ ಆ ಕುಲುಮೆ ಆರದಂತೆ ನೋಡಿಕೊಂಡವರ ಲೆಕ್ಕವನ್ನ ಎಷ್ಟು ಜನ ಓದಿದ್ದೀರಿ, ಸ್ವಾಮಿ?