ಮಾತು ನಿಂತರೆ ಮನಸ್ಸು ನಿಂತೀತೆ?

(ಶಾಗ್ಯ ಗ್ರಾಮದ ಭಕ್ತರ ಸಭೆಯಲ್ಲಿ ಅಪ್ಪಣೆ ಕೊಡಿಸಿದ ಆಶೀರ್ವಚನದ ಬರಹರೂಪ)



ಶಾಗ್ಯದ ಭಕ್ತರು ಬಿತ್ತನೆಯ ಕೆಲಸವನ್ನೂ ಬಿಟ್ಟು ಇಷ್ಟು ಜನ ಕೂಡಿದ್ದೀರಿ. ಸಂತೋಷ. ಈ ದಿನ ನಾವು ಮೋಕ್ಷದ ವಿಚಾರವನ್ನೋ ಷಟ್‌ಸ್ಥಲದ ವಿಚಾರವನ್ನೋ ಹೇಳಬೇಕೆಂದು ಬಂದವರಲ್ಲ. ಮನೆಯ ಮೂಲೆಯಲ್ಲಿ ಮಂಚದ ಮೇಲೆ ಮಲಗಿರುವ ಒಬ್ಬರ ವಿಚಾರ ಹೇಳಬೇಕೆಂದಿದ್ದೇವೆ. ಅಂಥವರು ಈ ಊರಿನಲ್ಲೂ ಇದ್ದಾರು. ಸಭೆಗೆ ಅವರನ್ನು ಯಾರೂ ಕರೆತರುವುದಿಲ್ಲ. ಆದ್ದರಿಂದ ಅವರ ಪರವಾಗಿ ನಾವು ನಾಲ್ಕು ಮಾತು ಆಡಬೇಕಾಗಿದೆ.

ಈ ಸೀಮೆಯ ಒಂದು ಊರಿನಲ್ಲಿ ಪಾದಪೂಜೆಗೆ ಹೋಗಿದ್ದೆವು. ಊರ ಹೆಸರು ಬೇಡ. ಮನೆಯ ಯಜಮಾನರಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಹೋಗಿದೆ. ಉಳಿದಿರುವುದು ಒಂದೇ ಶಬ್ದ: "ಆಯ್ತು". ನೀರು ಬೇಕೇ ಎಂದರೂ "ಆಯ್ತು", ಬೇಡವೇ ಎಂದರೂ "ಆಯ್ತು". "ಇವರಿಗೆ ಏನೂ ಗೊತ್ತಾಗಲ್ಲ ಬುದ್ಧಿ" ಎಂದು ಮನೆಯಾಕೆ ಹೇಳಿದರು. ನಾವೂ ಆ ಮಾತನ್ನು ನಂಬಿದೆವು. ಅವರ ಎದುರಿನಲ್ಲೇ ನಿಂತು, "ಇವರು ಊಟ ಮಾಡುತ್ತಾರೆಯೆ, ನಿದ್ದೆ ಬರುತ್ತದೆಯೆ?" ಎಂದು ಮಗನನ್ನು ಕೇಳಿದೆವು. ಮಂಚದ ಮೇಲಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಆ ತಪ್ಪು ನಮ್ಮದು. ಅದನ್ನು ನಿಮ್ಮೆದುರು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇವೆ.

ಹೊರಡುವಾಗ ಮಗ ಒಂದು ಸುದ್ದಿ ಹೇಳಿದ. ರಸ್ತೆ ಬದಿಯ ಎರಡು ಎಕರೆ ಹೊಲ ಮಾರುವುದಿದೆ, ಅಪ್ಪನನ್ನೂ ಕೇಳಿದ್ದಾಗಿದೆ, ಅವರು "ಆಯ್ತು" ಎಂದಿದ್ದಾರೆ ಎಂದ. ಬಾಗಿಲ ಬಳಿ ನಿಂತಿದ್ದ ಮೊಮ್ಮಗಳು ಆಗ ತಡೆಯಲಾರದೆ, "ತಾತ ಹಾಗಂದಾಗ ಕಣ್ಣಲ್ಲಿ ನೀರಿತ್ತು, ಎಡಗೈ ಅಲ್ಲಾಡಿಸ್ತಿದ್ರು" ಎಂದಳು. ಆ ಮನೆಯಲ್ಲಿ ತಾತನ ಮಾತು ಕೇಳಿಸಿಕೊಂಡಿದ್ದುದು ಆ ಮಗು ಒಂದೇ.

ಬಂಧುಗಳೇ, ಇದು ಆ ಮನೆಯೊಂದರ ಸಂಗತಿಯಲ್ಲ. ೧೮೬೧ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಎಂಬ ವೈದ್ಯರ ಬಳಿಗೆ ಒಬ್ಬ ರೋಗಿ ಬಂದ. ಇಪ್ಪತ್ತೊಂದು ವರ್ಷದಿಂದ ಅವನ ಬಾಯಲ್ಲಿ ಉಳಿದಿದ್ದುದು "ತಾನ್" ಎಂಬ ಒಂದೇ ಶಬ್ದ. ಅವನ ಬಲಗೈ ಬಲಗಾಲೂ ಬಿದ್ದಿದ್ದವು. ಆದರೆ ಕೇಳಿದ್ದರಲ್ಲಿ ಬಹುಪಾಲು ಅವನಿಗೆ ತಿಳಿಯುತ್ತಿತ್ತು. ಎಡಗೈಯಿಂದ ಸಂಜ್ಞೆ ಮಾಡಿ ಉತ್ತರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮಿದುಳನ್ನು ನೋಡಿದರೆ ಎಡಭಾಗದ ಮುಂದಿನ ಕಡೆ ಕೆಟ್ಟಿತ್ತು. ಬಹುಪಾಲು ಜನರಲ್ಲಿ ಮಾತಿನ ನೆಲೆ ಮಿದುಳಿನ ಎಡಭಾಗ. ಬಲಗೈ ಬಲಗಾಲನ್ನು ಆಡಿಸುವುದೂ ಅದೇ ಎಡಭಾಗ. ಆದ್ದರಿಂದಲೇ ಬಲಗಡೆ ಲಕ್ವವಾದವರಿಗೆ ಮಾತೂ ಹೋಗುವುದು ಹೆಚ್ಚು.

ಇದರಲ್ಲಿ ನಮ್ಮ ಭಕ್ತರು ಯೋಚಿಸಬೇಕಾದ ಒಂದು ಸಂಗತಿಯಿದೆ. ಇಷ್ಟಲಿಂಗವನ್ನು ನಾವು ಯಾವ ಕೈಯಲ್ಲಿ ಹಿಡಿಯುತ್ತೇವೆ? ಎಡಗೈಯಲ್ಲಿ. ಬಲಗೈ ಬಿದ್ದರೂ ಲಿಂಗಕ್ಕೆ ಪೀಠವಾದ ಅಂಗೈ ಉಳಿದೇ ಇದೆ! ಪತ್ರೆ ಏರಿಸುವ ಕೈ ಹೋಗಿದ್ದರೆ ಆ ಕೈ ನೀವಾಗಬಾರದೆ? "ಇವರಿಗೆ ಇನ್ನೇನು ಪೂಜೆ" ಎಂದು ಲಿಂಗವನ್ನು ಎತ್ತಿಟ್ಟ ಮನೆಗಳುಂಟು. ಅಂಗೈ ಮೇಲೆ ಲಿಂಗವಿಟ್ಟು, ಪಕ್ಕದಲ್ಲಿ ಕುಳಿತು ಒಂದು ಗಳಿಗೆ ಕಾಯಿರಿ. ಅವರ ಕಣ್ಣು ಏನು ಹೇಳುತ್ತದೆಂದು ನೋಡಿರಿ.

ಮಾತು ಹೋಗುವುದು ಎರಡು ಬಗೆ. ಒಂದರಲ್ಲಿ ಹೇಳಬೇಕಾದ ಪದವೇ ಸಿಗುವುದಿಲ್ಲ. ಅಂಥವರ ಕೈಗೆ ಸ್ಲೇಟು ಬಳಪ ಕೊಟ್ಟು "ಬರೆದು ತೋರಿಸಿ" ಎಂದರೆ ಅದೂ ಆಗುವುದಿಲ್ಲ. ಮಾತಿನ ಜೊತೆಗೆ ಬರಹವೂ ಕೆಟ್ಟಿರುತ್ತದೆ. ಅವರಿಗೆ ಚಿತ್ರ, ವಸ್ತು, ಸನ್ನೆ ಬೇಕು. ಇನ್ನೊಂದರಲ್ಲಿ ಪದಗಳೆಲ್ಲ ಒಳಗೆ ಸರಿಯಾಗಿವೆ. ಬಾಯಿ, ನಾಲಗೆ ಮಾತ್ರ ಕಟ್ಟಿಹೋಗಿವೆ. ಫ್ರಾನ್ಸಿನ ಬೋಬಿ ಎಂಬ ಪತ್ರಿಕಾ ಸಂಪಾದಕರಿಗೆ ೧೯೯೫ರ ಡಿಸೆಂಬರಿನಲ್ಲಿ ಹೀಗಾಯಿತು. ದೇಹದಲ್ಲಿ ಚೆನ್ನಾಗಿ ಆಡುತ್ತಿದ್ದುದು ಎಡಗಣ್ಣಿನ ರೆಪ್ಪೆ ಒಂದೇ. ಎದುರಿಗಿದ್ದವರು ಅಕ್ಷರಗಳನ್ನು ಒಂದೊಂದಾಗಿ ಓದಬೇಕು, ಬೇಕಾದ ಅಕ್ಷರ ಬಂದಾಗ ಇವರು ರೆಪ್ಪೆ ಬಡಿಯಬೇಕು. ಹೀಗೆ ಒಂದು ಪುಸ್ತಕವನ್ನೇ ಬರೆಸಿದರು. ೧೯೯೭ರಲ್ಲಿ ಪುಸ್ತಕ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಮ್ಮ ಕನ್ನಡದಲ್ಲಿ ಈ ಕೆಲಸ ಇನ್ನೂ ಸುಲಭ. ವರ್ಣಮಾಲೆ ಸಾಲು ಸಾಲಾಗಿಯೇ ಇದೆ. "ಕ ಸಾಲೋ, ಚ ಸಾಲೋ, ಟ ಸಾಲೋ" ಎಂದು ಮೊದಲು ಸಾಲು ಕೇಳಿ, ಆಮೇಲೆ ಆ ಸಾಲಿನ ಅಕ್ಷರ ಕೇಳಿದರಾಯಿತು. ಬೇಕಾದ್ದು ಒಂದು ಗೋಡೆ ಕ್ಯಾಲೆಂಡರಿನ ಹಿಂಬದಿ, ಒಂದಿಷ್ಟು ತಾಳ್ಮೆ.

ಆದರೆ ನಾವು ಮಾಡುವುದೇನು? ಕಿವಿ ಚೆನ್ನಾಗಿದ್ದರೂ ಕಿವುಡರೆಂಬಂತೆ ಕೂಗುತ್ತೇವೆ. ಹಿರಿಯರಾಗಿದ್ದರೂ ಮಗುವೆಂಬಂತೆ ಲಲ್ಲೆ ಹೊಡೆಯುತ್ತೇವೆ. ಒಂದು ಪದಕ್ಕಾಗಿ ಅವರು ತಡಕಾಡುವಾಗ ನಾವೇ ಹತ್ತು ಪದ ಸುರಿಯುತ್ತೇವೆ. ನೆಂಟರು ಮೊದಲ ತಿಂಗಳು ಹಣ್ಣು ಹಿಡಿದು ಬರುತ್ತಾರೆ. ಆಮೇಲೆ, "ಹೋಗಿ ಏನು ಮಾತಾಡೋದು" ಎಂದು ನಿಂತುಬಿಡುತ್ತಾರೆ. ಮದುವೆಯ ದಿನ ಒಳಮನೆಯಲ್ಲಿ ಮಲಗಿಸಿ ಬಾಗಿಲು ಎಳೆಯುತ್ತಾರೆ. ಲಕ್ವ ಕಟ್ಟಿಹಾಕಿದ್ದು ಅರ್ಧ ಮೈಯನ್ನು. ಉಳಿದರ್ಧವನ್ನು ಕಟ್ಟಿದವರು ನಾವು.

ಮರುಳಶಂಕರದೇವರ ಕಥೆ ನಿಮಗೆ ಗೊತ್ತಿದೆ. ದೂರದೇಶದಿಂದ ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಇದ್ದವರು. ಯಾರೊಡನೆಯೂ ಮಾತಿಲ್ಲ. ಜನ ಅವರನ್ನು ಮರುಳನೆಂದೇ ತಿಳಿದರು. ಅಲ್ಲಮಪ್ರಭುಗಳು ಬಂದು ಗುರುತಿಸಿದ ಮೇಲೆಯೇ ಅವರು ಎಂಥ ಶರಣರೆಂಬುದು ತಿಳಿಯಿತು. ಇಷ್ಟು ಕಾಲ ಮನೆಯಲ್ಲೇ ಇದ್ದವರನ್ನು ಅರಿಯದೆ ಹೋದೆನಲ್ಲಾ ಎಂದು ಬಸವಣ್ಣನವರು ನೊಂದರು. ದಯೆಯೇ ತುಂಬಿದ್ದ ಆ ಮಹಾಮನೆಯಲ್ಲಿ ಅನ್ನಕ್ಕೆ ಕೊರತೆಯಿತ್ತೆ? ಇಲ್ಲ. ಆದರೂ ಮಾತಿಲ್ಲದವರು ಕಾಣದೆ ಹೋದರು. ಹಾಗಾದ ಮೇಲೆ ನಮ್ಮ ನಿಮ್ಮ ಮನೆಗಳ ಪಾಡೇನು! ಹೊತ್ತಿಗೆ ಊಟ ಕೊಟ್ಟೆವು, ಬಟ್ಟೆ ಒಗೆದೆವು ಎಂದರೆ ಸೇವೆ ಅರ್ಧವಾಯಿತು. ಅವರನ್ನು ಕೇಳಿ, ಉತ್ತರಕ್ಕೆ ಕಾದಾಗಲೇ ದಾಸೋಹ ಪೂರ್ತಿಯಾಗುವುದು.

ಕೇಳುವುದು ಹೇಗೆ? ಎದುರಿಗೆ ಕುಳಿತು, ಮುಖ ನೋಡುತ್ತ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿರಿ. ಹೌದು-ಅಲ್ಲ ಎನ್ನಲು ಒಂದು ಗುರುತು ಮಾಡಿಕೊಳ್ಳಿರಿ: ಕೈ ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ. ಬಾಯಲ್ಲಿ ಬರುವ "ಆಯ್ತು" ಎಂಬುದನ್ನು ನಂಬಬೇಡಿರಿ. ಮುಖ್ಯ ವಿಷಯವಾದರೆ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿರಿ. ಮಾತಾಡಲಾರದ ಕೆಲವರು ಹಾಡಬಲ್ಲರು. ನೀರು ಎನ್ನಲು ಬಾರದವರ ಬಾಯಿಂದ ಮಾದಪ್ಪನ ಹಾಡಿನ ಸೊಲ್ಲು ಪದಸಹಿತ ಬಂದರೆ, ನಟನೆ ಎನ್ನಬೇಡಿರಿ. ಹಾಡಿನ ದಾರಿ ಮಾತಿನ ದಾರಿಗಿಂತ ಬೇರೆಯೇ ಇದೆ. ಭಜನೆಯ ದಿನ ಅವರನ್ನೂ ಕೂರಿಸಿಕೊಳ್ಳಿರಿ. ಮಾತನ್ನು ಮರಳಿ ಕಲಿಸುವವರು ಮೈಸೂರಿನಲ್ಲೇ ಇದ್ದಾರೆ. ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ.

ಮತ್ತೊಂದು ಮಾತು. ಮುಖ ಸೊಟ್ಟಗಾಗಿ, ಕೈ ಜೋತು, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ಪಾರಿವಾಳದ ರಕ್ತ ಹಚ್ಚುತ್ತ ಹೊತ್ತು ಕಳೆಯಬೇಡಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೂಡಲೇ ೧೦೮ಕ್ಕೆ ಫೋನು ಮಾಡಿರಿ.

ಹೊಲದ ವಿಚಾರಕ್ಕೆ ಬರೋಣ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ೨೧ ಬಗೆಯ ಊನಗಳನ್ನು ಗುರುತಿಸಿದೆ. ಲಕ್ವದಿಂದ ಶಾಶ್ವತವಾಗಿ ಮಾತು ಹೋಗುವುದೂ ಅದರಲ್ಲಿ ಸೇರುತ್ತದೆ. ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ ಹಕ್ಕು ಅಂಥವರಿಗೂ ಎಲ್ಲರಂತೆಯೇ ಇದೆ. ಅರಿವಿಲ್ಲದೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಅದು ಕಳವು.

ಅಂದು ನಾವು ಹೊರಟವರು ಮತ್ತೆ ಒಳಗೆ ಹೋಗಿ ಕುಳಿತೆವು. ಮೊಮ್ಮಗಳು ತಾತನ ಎಡಗೈ ಹಿಡಿದು ಕೇಳಿದಳು: "ತಾತ, ಹೊಲ ಮಾರೋದಾ?" ಬಾಯಿ "ಆಯ್ತು" ಎಂದಿತು. ಕೈ ಎರಡು ಸಲ ಒತ್ತಿತು. "ಹೊಲ ಇಟ್ಕೊಳ್ಳೋದಾ?" ಎಂದು ತಿರುಗಿಸಿ ಕೇಳಿದಳು. ಕೈ ಒಂದೇ ಸಲ ಒತ್ತಿತು. ಮಗ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ, ಸಾಲ ಅವನನ್ನು ಹಿಂಡಿತ್ತು. ಆದರೆ ಮೂರು ವರ್ಷದಲ್ಲಿ ಆ ಸಾಲದ ವಿಚಾರವನ್ನು ಅಪ್ಪನ ಎದುರು ಕುಳಿತು ಒಂದು ದಿನವೂ ಹೇಳಿರಲಿಲ್ಲ. ಅಂದು ಹೇಳಿದ. ತಂದೆ ಕೈ ಬಿಡದೆ ಕೇಳಿಸಿಕೊಂಡರು.

ಈ ರಾತ್ರಿ ಮನೆಗೆ ಹೋದ ಮೇಲೆ, ಮೂಲೆಯ ಮಂಚದ ಬಳಿ ಹೋಗಿ ಕುಳಿತುಕೊಳ್ಳಿರಿ. ಸಭೆಯಲ್ಲಿ ಏನು ನಡೆಯಿತೆಂದು ಅವರಿಗೆ ಹೇಳಿರಿ. ಆಮೇಲೆ ಸುಮ್ಮನೆ ಕಾಯಿರಿ.